ಅಮ್ಮನ ರಿಪೋರ್ಟಿನಲ್ಲಿ ಟಿ4 ಸರಿ ಇದೆ, ಟಿ3 ಕಡಿಮೆ ಇದೆ. ಈ ‘ಕನ್ವರ್ಷನ್’ ಅಂದ್ರೆ ಏನು?

ಗೂಡಿನೂರ ಮಗಳು, ಶಿಡ್ಲಘಟ್ಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮಮ್ಮನಿಗೆ 58 ವರ್ಷ. ಒಂಬತ್ತು ವರ್ಷದಿಂದ ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಈಗ 75 ಮೈಕ್ರೋಗ್ರಾಂ. ಬೆಳಿಗ್ಗೆ ಎದ್ದ ತಕ್ಷಣ ಮಾತ್ರೆ ನುಂಗಿ, ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಸುವಿಗೆ ಹುಲ್ಲು ಹಾಕಿ, ಆಮೇಲೆ ಕಾಫಿ. ಈ ಕ್ರಮ ಒಂದು ದಿನವೂ ತಪ್ಪಿಲ್ಲ.

ಕಳೆದ ತಿಂಗಳು ಡೆಂಗಿ ಬಂತು. ಆರು ದಿನ ಆಸ್ಪತ್ರೆಯಲ್ಲಿದ್ದರು. ಅಲ್ಲಿ ಎಲ್ಲಾ ಟೆಸ್ಟ್ ಜೊತೆಗೆ ಥೈರಾಯ್ಡ್ ಕೂಡ ಮಾಡಿಸಿದರು. ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನ್) ನಾರ್ಮಲ್, ಟಿ4 ನಾರ್ಮಲ್, ಟಿ3 ಮಾತ್ರ ಕಡಿಮೆ. ಕೆಂಪು ಶಾಯಿಯಲ್ಲಿ ಪಕ್ಕಕ್ಕೆ ಬಾಣ ಹಾಕಿದ್ದಾರೆ. ಡಿಸ್ಚಾರ್ಜ್ ದಿನ ಅದರ ಬಗ್ಗೆ ಯಾರೂ ಏನೂ ಹೇಳಲಿಲ್ಲ, ಗದ್ದಲದಲ್ಲಿ ಕೇಳೋಕೂ ಆಗಲಿಲ್ಲ.

ಈಗ ನಮ್ಮ ಸಂಬಂಧಿಕರೊಬ್ಬರು, ‘ಇದು ಕನ್ವರ್ಷನ್ ಪ್ರಾಬ್ಲಂ, ಈ ಮಾತ್ರೆ ಕೆಲಸ ಮಾಡುತ್ತಿಲ್ಲ, ಟಿ3 ಮಾತ್ರೆ ತರಿಸಿ, ಸೆಲೆನಿಯಂ ಕ್ಯಾಪ್ಸೂಲ್ ಶುರು ಮಾಡಿ, ಮುದ್ದೆ ನಿಲ್ಲಿಸಿ’ ಅಂತ ದಿನಾ ಫೋನ್ ಮಾಡುತ್ತಿದ್ದಾರೆ. ಅಮ್ಮ ಮುದ್ದೆ ಬಿಟ್ಟು ಬದುಕಲ್ಲ. ನನಗೆ ಭಯ. ಟಿ4 ಸರಿ ಇದ್ದರೆ ಟಿ3 ಯಾಕೆ ಇಳಿಯುತ್ತದೆ? ಎರಡಕ್ಕೂ ಏನು ಸಂಬಂಧ?

ಮಾಲೂರಕ್ಕ

ಹೆದರಬೇಡಮ್ಮ. ನನಗೂ ಹನ್ನೊಂದು ವರ್ಷದಿಂದ ಇದೆ. ಆದರೆ ನನ್ನ ರಿಪೋರ್ಟಿನಲ್ಲಿ ಟಿಎಸ್‌ಎಚ್ ಒಂದೇ ಬರೆದಿರುತ್ತದೆ, ಟಿ3 ನೋಡಿದ್ದೇ ಇಲ್ಲ. ಮುದ್ದೆ ವಿಷಯ ನನಗೂ ಹೇಳಿದ್ದಾರೆ. ಎಲೆಕೋಸು ಬೇಡ, ರಾಗಿ ಬೇಡ, ಕಡಲೆಕಾಯಿ ಬೇಡ ಅಂದ್ರೆ ಕೋಲಾರ ಜಿಲ್ಲೆಯಲ್ಲಿ ಇನ್ನೇನು ತಿನ್ನೋದು? ತಿಳಿದವರು ಹೇಳಿ, ನಾನೂ ಕಾಯ್ತಾ ಇದ್ದೇನೆ.

ಬಯಾಲಜಿ ಮೇಷ್ಟ್ರು, ಚಿಂತಾಮಣಿ

ತಂಗಿ, ನಾನು ಡಾಕ್ಟರ್ ಅಲ್ಲ, ಪಿಯುಸಿಗೆ ಪಾಠ ಮಾಡುವವನು. ಮದುವೆಯಾದಾಗಿನಿಂದ ನನ್ನ ಹೆಂಡತಿಗೂ ಇದೇ ಮಾತ್ರೆ. ಹಾಗಾಗಿ ಈ ವಿಷಯ ನನಗೆ ಪುಸ್ತಕದ್ದೂ ಹೌದು, ಮನೆಯದ್ದೂ ಹೌದು. ಔಷಧಿ ಬದಲಾಯಿಸುವ ಮಾತು ನಿಮ್ಮ ಡಾಕ್ಟರ್ ಹತ್ತಿರವೇ ಆಗಲಿ. ಟಿ4ಗೂ ಟಿ3ಗೂ ಏನು ಸಂಬಂಧ ಅನ್ನೋದನ್ನು ನಾನು ಹೇಳುತ್ತೇನೆ.

ಎರಡು ಬಳೆ, ನಾಲ್ಕು ಅವರೆಕಾಳು ತೆಗೆದುಕೊಳ್ಳಿ. ನಾನು ಕ್ಲಾಸಿನಲ್ಲಿ ಹೀಗೇ ಮಾಡುತ್ತೇನೆ. ಬಳೆಗಳನ್ನು ಅಕ್ಕಪಕ್ಕ ಇಡಿ, ಒಂದು ಒಳಬಳೆ, ಒಂದು ಹೊರಬಳೆ. ಒಂದೊಂದರ ಮೇಲೂ ಎರಡೆರಡು ಕಾಳಿಡಿ. ಕಾಳು ಅಂದ್ರೆ ಅಯೋಡಿನ್. ಇದೇ ಟಿ4, ಥೈರಾಕ್ಸಿನ್. ಅಮ್ಮ ನುಂಗುವ ಮಾತ್ರೆಯಲ್ಲಿರುವುದೂ ಇದೇ.

ಈಗ ಹೊರಬಳೆಯಿಂದ ಒಂದು ಕಾಳು ತೆಗೆಯಿರಿ. ಮೂರು ಉಳಿಯಿತು. ಇದು ಟಿ3, ಕೆಲಸ ಮಾಡುವ ಹಾರ್ಮೋನ್. ಜೀವಕೋಶದ ನ್ಯೂಕ್ಲಿಯಸ್ ಒಳಗೆ ಅದಕ್ಕೆ ಅಂತಲೇ ಒಂದು ಜಾಗ ಇದೆ. ಅಲ್ಲಿ ಹೋಗಿ ಕೂತರೆ ಹೃದಯದ ಬಡಿತ, ಮೈ ಬಿಸಿ, ಕರುಳಿನ ಓಟ ಎಲ್ಲಾ ಸರಿಯಾಗಿ ನಡೆಯುತ್ತವೆ. ಟಿ4 ಅದೇ ಜಾಗದಲ್ಲಿ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ.

ಕಾಳು ವಾಪಸ್ ಇಡಿ. ಈ ಸಲ ಒಳಬಳೆಯಿಂದ ಒಂದು ತೆಗೆಯಿರಿ. ಉಳಿದದ್ದು ಮೂರೇ. ಆದರೆ ಇದು ಟಿ3 ಅಲ್ಲ, ರಿವರ್ಸ್ ಟಿ3. ಇದರಿಂದ ಆ ಕೆಲಸ ಆಗೋದಿಲ್ಲ. ಲೆಕ್ಕ ಒಂದೇ, ಕಾಳು ಎಲ್ಲಿಂದ ಹೋಯಿತು ಅನ್ನೋದರ ಮೇಲೆ ಇಡೀ ಕಥೆ ಬದಲಾಗುತ್ತದೆ. ಇದನ್ನು ನೋಡಿದಾಗೆಲ್ಲ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಈ ಕಾಳು ಕೀಳುವ ಕಿಣ್ವಗಳ ಹೆಸರು ಡಿಅಯೋಡಿನೇಸ್. ಮೂರು ಇವೆ. ಒಂದನೆಯದು, ಡಿ1, ಲಿವರ್, ಕಿಡ್ನಿ, ಥೈರಾಯ್ಡ್ ಗ್ರಂಥಿಯಲ್ಲಿ ಜಾಸ್ತಿ. ಎರಡನೆಯದು, ಡಿ2, ಮೆದುಳು, ಪಿಟ್ಯೂಟರಿ, ಮಾಂಸಖಂಡ, ಮೈ ಬಿಸಿ ಮಾಡುವ ಕಂದು ಕೊಬ್ಬಿನಲ್ಲಿದೆ. ಇದು ಹೊರಬಳೆಗೆ ಮಾತ್ರ ಕೈ ಹಾಕುತ್ತದೆ. ಮೂರನೆಯದು, ಡಿ3, ಒಳಬಳೆಗೆ ಮಾತ್ರ ಕೈ ಹಾಕುತ್ತದೆ. ಟಿ4 ಸಿಕ್ಕಿದರೆ ರಿವರ್ಸ್ ಟಿ3 ಮಾಡುತ್ತದೆ, ಟಿ3 ಸಿಕ್ಕಿದರೆ ಅದನ್ನೂ ಆರಿಸಿಬಿಡುತ್ತದೆ.

ಗ್ರಂಥಿ ದಿನಕ್ಕೆ ಸುಮಾರು 80ರಿಂದ 100 ಮೈಕ್ರೋಗ್ರಾಂ ಟಿ4 ಬಿಡುತ್ತದೆ. ದೇಹದಲ್ಲಿ ದಿನಕ್ಕೆ ತಯಾರಾಗುವ ಟಿ3 ಸುಮಾರು 30 ಮೈಕ್ರೋಗ್ರಾಂ. ಅದರಲ್ಲಿ ಗ್ರಂಥಿಯಿಂದ ನೇರವಾಗಿ ಬರುವುದು ಐದನೇ ಒಂದು ಭಾಗ ಮಾತ್ರ. ಉಳಿದದ್ದೆಲ್ಲ ಹೊರಗೆ, ಬೇರೆ ಬೇರೆ ಅಂಗಗಳಲ್ಲಿ ಈ ಕಿಣ್ವಗಳ ಕೈಯಲ್ಲಿ ಆಗುತ್ತದೆ. ನಿಮ್ಮೂರಿನ ಮಾತಲ್ಲಿ ಹೇಳಬೇಕು ಅಂದ್ರೆ, ಮಾರ್ಕೆಟ್‌ನಿಂದ ಹೊರಡುವುದು ರೇಷ್ಮೆ ಗೂಡು. ಅದು ನೂಲಾಗುವುದು ರೀಲರ್ ಮನೆಯಲ್ಲಿ.

ಟಿ4 ಅನ್ನು ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಎಡ್ವರ್ಡ್ ಕೆಂಡಾಲ್ 1914ರ ಡಿಸೆಂಬರ್ 25ರಂದು ಬೇರ್ಪಡಿಸಿದರು. ಟಿ3 ಇದೆ ಅಂತ ಗೊತ್ತಾಗಿದ್ದು 1952ರಲ್ಲಿ, ಲಂಡನ್‌ನಲ್ಲಿ ಜ್ಯಾಕ್ ಗ್ರಾಸ್ ಮತ್ತು ರೊಸಲಿಂಡ್ ಪಿಟ್-ರಿವರ್ಸ್ ಅವರಿಂದ. ಗ್ರಂಥಿಯೇ ಕೆಲಸ ಮಾಡದ ಮನುಷ್ಯರಿಗೆ ಬರೀ ಟಿ4 ಕೊಟ್ಟರೂ ರಕ್ತದಲ್ಲಿ ಟಿ3 ಬರುತ್ತದೆ ಅಂತ ಬ್ರೇವರ್‌ಮನ್, ಇಂಗ್ಬಾರ್, ಸ್ಟರ್ಲಿಂಗ್ ತೋರಿಸಿದ್ದು 1970ರಲ್ಲಿ. ನಿಮ್ಮಮ್ಮನ ಒಂದು ಮಾತ್ರೆಯ ಚಿಕಿತ್ಸೆ ನಿಂತಿರುವುದು ಆ ಕೆಲಸದ ಮೇಲೆ.

ಗೂಡಿನೂರ ಮಗಳು, ಶಿಡ್ಲಘಟ್ಟ

ಮೇಷ್ಟ್ರೇ, ನಿಜವಾಗಲೂ ಬಳೆ, ಅವರೆಕಾಳು ಇಟ್ಕೊಂಡು ನೋಡಿದೆ. ಅಮ್ಮನೂ ಪಕ್ಕ ಕೂತು ನೋಡಿದರು. ಈಗ ‘ಕನ್ವರ್ಷನ್’ ಅರ್ಥ ಆಯ್ತು. ಹಾಗಾದ್ರೆ ಅಮ್ಮನ ದೇಹ ಕಾಳು ಕೀಳೋದನ್ನು ಮರೆತುಬಿಟ್ಟಿದೆಯಾ?

ಲ್ಯಾಬ್ ಹುಡುಗ, ಗೌರಿಬಿದನೂರು

ಅಕ್ಕಾ, ಮರೆತಿಲ್ಲ. ಡೆಂಗಿ ಇದ್ದಾಗ ರಕ್ತ ತೆಗೆದಿದ್ದಾರೆ, ವಿಷಯ ಅಲ್ಲೇ ಇದೆ.

ನಾನು ದಿನಾ ಸ್ಯಾಂಪಲ್ ನೋಡುವವನು. ವಾರ್ಡಿನಿಂದ ಬರುವ ಟ್ಯೂಬ್‌ಗಳಲ್ಲಿ ಟಿ3 ಕಡಿಮೆ ಇರುವುದು ತುಂಬಾ ಮಾಮೂಲು. ಜ್ವರ, ನ್ಯುಮೋನಿಯ, ಆಪರೇಷನ್, ಹಾರ್ಟ್ ಅಟ್ಯಾಕ್, ಯಾವುದೇ ದೊಡ್ಡ ಕಾಯಿಲೆಯಲ್ಲೂ ಹೀಗಾಗುತ್ತದೆ. ಇದಕ್ಕೆ ‘ಲೋ ಟಿ3 ಸಿಂಡ್ರೋಮ್’ ಅಂತಲೇ ಹೆಸರಿದೆ. ಕಾಯಿಲೆ ಬಂದಾಗ ಡಿ1 ಕೆಲಸ ತಗ್ಗುತ್ತದೆ. ದೊಡ್ಡವರಲ್ಲಿ ಹೆಚ್ಚು ಕಡೆ ಸುಮ್ಮನಿರುವ ಡಿ3 ಕೆಲವು ಅಂಗಗಳಲ್ಲಿ ಎದ್ದು ಕೂರುತ್ತದೆ. ಆಗ ಟಿ3 ಇಳಿಯುತ್ತದೆ, ರಿವರ್ಸ್ ಟಿ3 ಏರುತ್ತದೆ. ಊಟ ಬಿಟ್ಟರೂ ಹೀಗೇ. ಕೆಲವು ದಿನ ಸರಿಯಾಗಿ ಊಟ ಇಲ್ಲದಿದ್ದರೆ, ಆರೋಗ್ಯವಂತರಿಗೂ ಟಿ3 ಕೆಳಗೆ ಬರುತ್ತದೆ. ನಿಮ್ಮಮ್ಮ ಆ ಆರು ದಿನ ಏನು ತಿಂದಿರುತ್ತಾರೆ ಹೇಳಿ? ಗಂಜಿ, ಎಳನೀರು ಅಷ್ಟೇ ಅಲ್ವಾ?

ದೇಹ ಖರ್ಚು ಕಡಿಮೆ ಮಾಡಿಕೊಳ್ಳುತ್ತಿರುತ್ತದೆ. ಕರೆಂಟ್ ಕಮ್ಮಿ ಇದ್ದಾಗ ನಾವು ಬೋರ್ ನಿಲ್ಲಿಸಿ ಮನೆಯ ಒಂದು ದೀಪ ಹಾಕಿಕೊಳ್ಳುವ ಹಾಗೆ.

ಇನ್ನೊಂದು ಮಾತು. ಚೇತರಿಸಿಕೊಳ್ಳುವಾಗ ಟಿಎಸ್‌ಎಚ್ ಸ್ವಲ್ಪ ದಿನ ಮೇಲೆ ಹೋಗಿ ಆಮೇಲೆ ಇಳಿಯಬಹುದು. ಆಗ ಟೆಸ್ಟ್ ಮಾಡಿಸಿದರೆ ಇನ್ನೊಂದು ಗಾಬರಿ. ಪೂರ್ತಿ ಹುಷಾರಾಗಿ ಸುಮಾರು ಆರು ವಾರ ಆದ ಮೇಲೆ ಟಿಎಸ್‌ಎಚ್, ಫ್ರೀ ಟಿ4 (ರಕ್ತದ ಪ್ರೋಟೀನ್‌ಗೆ ಅಂಟದೆ ಬಿಡಿಯಾಗಿರುವ ಟಿ4) ಮಾಡಿಸಿ ಅಂತ ಡಾಕ್ಟರ್‌ಗಳು ಹೇಳುವುದು ಇದಕ್ಕೇ.

ಕೂದಲಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಕೆಲವು ಮಷೀನ್‌ಗಳಲ್ಲಿ ಬಯೋಟಿನ್‌ನಿಂದ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಟಿ3 ಸುಳ್ಳೇ ಜಾಸ್ತಿ ತೋರಿಸುತ್ತದೆ. ಟೆಸ್ಟಿಗೆ ಎರಡು ದಿನ ಮುಂಚೆಯಾದರೂ ನಿಲ್ಲಿಸಿರಬೇಕು. ಸ್ಯಾಂಪಲ್ ಕೊಡುವಾಗ ಇದನ್ನು ಯಾರೂ ಬಾಯಿ ಬಿಡೋದಿಲ್ಲ, ಅದನ್ನು ವಿಟಮಿನ್ ಅಂದುಕೊಂಡಿರುತ್ತಾರೆ, ಔಷಧಿ ಅಂತ ಅಲ್ಲ.

ಹುಳು ಮನೆ, ವಿಜಯಪುರ ರಸ್ತೆ

ಗೂಡು, ರೀಲರ್ ಮಾತು ಬಂತಲ್ಲ, ನಾನೂ ಸೇರಿಕೊಳ್ಳುತ್ತೇನೆ. ಇಪ್ಪತ್ತೆರಡು ವರ್ಷದಿಂದ ರೇಷ್ಮೆ ಹುಳು ಮೇಯಿಸುತ್ತಿದ್ದೇನೆ. ನಮ್ಮಲ್ಲಿ ಹುಳು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದು, ಆರೇಳು ದಿನ ರಾಕ್ಷಸನ ಹಾಗೆ ಸೊಪ್ಪು ತಿಂದು, ಆಮೇಲೆ ಹಣ್ಣಾಗುತ್ತದೆ. ಮೈ ಒಳಗೆ ದೀಪ ಇಟ್ಟ ಹಾಗೆ ತಿಳಿ ಹಳದಿ ಬಣ್ಣಕ್ಕೆ ತಿರುಗಿ, ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಆಗ ಗೂಡು ಕಟ್ಟಲಿ ಅಂತ ಚಂದ್ರಿಕೆಗೆ ಬಿಡುತ್ತೇವೆ. ಎಲ್ಲಾ ಒಟ್ಟಿಗೆ ಹಣ್ಣಾಗಲಿ ಅಂತ ಕೊನೆಯ ಸೊಪ್ಪಿಗೆ ಒಂದು ಗಿಡಮೂಲಿಕೆ ಹಾರ್ಮೋನ್ ಸಿಂಪಡಿಸುವುದೂ ಉಂಟು. ಒಂದು ತರಬೇತಿಯಲ್ಲಿ, ಹುಳುವಿನ ಗ್ರಂಥಿಯಿಂದ ಬರುವ ಹಾರ್ಮೋನ್ ಹಾಗೇ ಕೆಲಸ ಮಾಡೋದಿಲ್ಲ, ಮೈಯಲ್ಲಿ ಬೇರೆ ಕಡೆ ಬದಲಾದ ಮೇಲೇ ಅದಕ್ಕೆ ಶಕ್ತಿ ಅಂದಿದ್ದರು. ಮೇಷ್ಟ್ರೇ, ಇದೂ ನೀವು ಹೇಳಿದ ಥರದ್ದೇನಾ?

ಬಯಾಲಜಿ ಮೇಷ್ಟ್ರು, ಚಿಂತಾಮಣಿ

ಅಣ್ಣಾ, ಎಂಥ ಮಾತು ಹೇಳಿದಿರಿ! ಅದೇ ಥರದ್ದೇ. ಹುಳುವಿನ ಎದೆಭಾಗದ ಗ್ರಂಥಿಯಿಂದ ಬರುವುದು ಎಕ್ಡೈಸೋನ್. ಕೊಬ್ಬಿನ ಅಂಗ, ಕರುಳು ಮುಂತಾದ ಕಡೆ ಒಂದು ಕಿಣ್ವ ಅದಕ್ಕೆ ಒಂದು ಆಕ್ಸಿಜನ್ ಸೇರಿಸುತ್ತದೆ. ಆಮೇಲೇ ಅದು ಹುಳುವನ್ನು ಜ್ವರಕ್ಕೆ ಕೂರಿಸುವ, ಹಣ್ಣು ಮಾಡುವ ನಿಜವಾದ ಹಾರ್ಮೋನ್. ಮನುಷ್ಯರಲ್ಲಿ ಒಂದು ಅಯೋಡಿನ್ ಕೀಳುವುದು, ಹುಳುವಿನಲ್ಲಿ ಒಂದು ಆಕ್ಸಿಜನ್ ಸೇರಿಸುವುದು. ಗ್ರಂಥಿ ಅರ್ಧ ಕೆಲಸ ಮಾಡಿ ಕಳಿಸುತ್ತದೆ, ಉಳಿದರ್ಧ ಬೇಕಾದ ಜಾಗದಲ್ಲಿ. ಎಕ್ಡೈಸೋನ್ ಮೊದಲು ಸಿಕ್ಕಿದ್ದೂ ನಿಮ್ಮ ರೇಷ್ಮೆಯಿಂದಲೇ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ 500 ಕಿಲೋ ರೇಷ್ಮೆ ಪ್ಯೂಪಾದಿಂದ 25 ಮಿಲಿಗ್ರಾಂ ತೆಗೆದರು.

ಗೊದಮೊಟ್ಟೆ ಕಪ್ಪೆಯಾಗುವುದಂತೂ ಥೈರಾಯ್ಡ್ ಹಾರ್ಮೋನಿನ ಕೆಲಸವೇ. 1912ರಲ್ಲಿ ಗುಡರ್‌ನಾಶ್ ಅನ್ನುವವರು ಗೊದಮೊಟ್ಟೆಗಳಿಗೆ ಕುದುರೆಯ ಥೈರಾಯ್ಡ್ ತಿನ್ನಿಸಿದರು. ಹೊತ್ತಿಗೆ ಮುಂಚೆಯೇ ಪುಟ್ಟ ಪುಟ್ಟ ಕಪ್ಪೆಗಳಾದವು. ಕಾಲು ಮೊದಲು ಬೆಳೆಯುತ್ತದೆ, ಬಾಲ ಕೊನೆಗೆ ಕರಗುತ್ತದೆ, ಅಲ್ವಾ? ಕಾಲು ಮೊಳೆಯುವ ಕಡೆ ಡಿ2 ಬೇಗ ಶುರುವಾಗುತ್ತದೆ. ಬಾಲದಲ್ಲಿ ಕೊನೆಯ ಹಂತದವರೆಗೂ ಡಿ3 ಟಿ3ಯನ್ನು ತಡೆದಿಟ್ಟಿರುತ್ತದೆ. ಒಂದೇ ರಕ್ತ, ಒಂದೇ ಹಾರ್ಮೋನ್. ಯಾವ ಅಂಗಕ್ಕೆ ಯಾವಾಗ ಎಷ್ಟು ಅನ್ನುವುದನ್ನು ಅಲ್ಲಲ್ಲಿನ ಕಿಣ್ವ ಹೇಳುತ್ತದೆ. ಹಾಗಾಗಿಯೇ ರಕ್ತದ ಟಿ3 ಒಂದನ್ನೇ ನೋಡಿ ಇಡೀ ದೇಹದ ಜಾತಕ ಬರೆಯೋಕಾಗಲ್ಲ.

ಮಾಲೂರಕ್ಕ

ಇದೆಲ್ಲಾ ಓದೋಕೆ ಎಷ್ಟು ಚೆನ್ನಾಗಿದೆ! ಆದ್ರೆ ನನ್ನ ಮುದ್ದೆ ಪ್ರಶ್ನೆ ಹಾಗೇ ಉಳೀತು.

ಮೆಡಿಕಲ್ ಶಾಪ್, ಕೋಲಾರ

ಅಕ್ಕಾ, ಅದಕ್ಕೆ ನಾನು ಹೇಳುತ್ತೇನೆ. ಕೌಂಟರ್‌ನಲ್ಲಿ ದಿನಕ್ಕೆ ಹತ್ತು ಸಲ ಈ ಪ್ರಶ್ನೆ.

ಎಲೆಕೋಸು, ಹೂಕೋಸು ಥರದವು ತೊಂದರೆ ಮಾಡಿದರೆ, ಗ್ರಂಥಿ ಅಯೋಡಿನ್ ಎಳೆದುಕೊಂಡು ಟಿ4 ಕಟ್ಟುವ ಹಂತದಲ್ಲಿ. ಅಲ್ಲಿ ಕೆಲಸ ಮಾಡುವ ಕಿಣ್ವವೇ ಬೇರೆ, ಟಿಪಿಒ ಅಂತ. ‘ಟಿಪಿಒ ಆಂಟಿಬಾಡಿ’ ಅಂತ ರಿಪೋರ್ಟಿನಲ್ಲಿ ನೋಡಿರುತ್ತೀರಿ, ಆ ಆಂಟಿಬಾಡಿ ಇದೇ ಕಿಣ್ವದ ವಿರುದ್ಧದ್ದು. ಸಿರಿಧಾನ್ಯದಲ್ಲಿ ಈ ದೋಷ ಚೆನ್ನಾಗಿ ಕಂಡಿರುವುದು ಸಜ್ಜೆಯಲ್ಲಿ. ಅದೂ ಸುಡಾನ್‌ನಲ್ಲಿ, ಅಯೋಡಿನ್ ಕೊರತೆ ಇದ್ದು ಮೂರು ಹೊತ್ತೂ ಸಜ್ಜೆಯನ್ನೇ ತಿನ್ನುವ ಜನರಲ್ಲಿ. ನಾವು ಅಯೋಡಿನ್ ಉಪ್ಪು ತಿನ್ನುತ್ತೇವೆ. ಮೇಲಾಗಿ ನೀವು ಟಿ4 ಅನ್ನೇ ಮಾತ್ರೆಯಾಗಿ ನುಂಗುತ್ತಿದ್ದೀರಿ, ಕಟ್ಟುವ ಹಂತ ದಾಟಿ ಬಂದ ಮಾಲು ಅದು. ಕಾಳು ಕೀಳುವ ಕೆಲಸಕ್ಕೆ ಮುದ್ದೆ ಅಡ್ಡ ಬರಲ್ಲ. ಬಸ್ಸಾರು ಮುದ್ದೆ ಧೈರ್ಯವಾಗಿ ತಿನ್ನಿ.

ಆದರೆ ಒಂದು ಎಚ್ಚರ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಮಾತ್ರೆಯನ್ನು ಹಿಡಿದುಕೊಂಡರೆ ಅದು ರಕ್ತಕ್ಕೆ ಸರಿಯಾಗಿ ಸೇರಲ್ಲ. ಮಾತ್ರೆ ನುಂಗಿದ ಕೂಡಲೇ ಹಾಲು ಹಾಕಿದ ರಾಗಿ ಗಂಜಿ ಕುಡಿಯುವವರನ್ನು ನೋಡಿದ್ದೇನೆ. ಅದು ಬೇಡ. ಬರೀ ನೀರಿನಲ್ಲಿ ಮಾತ್ರೆ, ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ. ‘ನನಗೆ ಕನ್ವರ್ಷನ್ ಆಗ್ತಿಲ್ಲ’ ಅಂತ ಬರುವ ಎಷ್ಟೋ ಜನಕ್ಕೆ ಮಾತ್ರೆ ಒಳಗೇ ಹೋಗಿರುವುದಿಲ್ಲ. ಬಾಟಲಿಯನ್ನು ಒಲೆ ಪಕ್ಕದ ಶೆಲ್ಫಿನಲ್ಲಿ ಇಡಬೇಡಿ, ಶಾಖ, ತೇವಕ್ಕೆ ಮಾತ್ರೆ ಕೆಡುತ್ತದೆ.

ಇನ್ನು ಟಿ3 ಮಾತ್ರೆ, ಲಿಯೋಥೈರೋನಿನ್. ಟಿ4 ರಕ್ತದಲ್ಲಿ ಅರ್ಧ ಕಡಿಮೆಯಾಗೋಕೆ ಸುಮಾರು ಏಳು ದಿನ ಬೇಕು, ಟಿ3ಗೆ ಒಂದೇ ದಿನ. ಟಿ3 ನುಂಗಿದ ಮೇಲೆ ಸರ್ರನೆ ಏರಿ ಆಮೇಲೆ ಇಳಿಯುತ್ತದೆ. ವಯಸ್ಸಾದವರಿಗೆ ಎದೆ ಡವಡವ ಅನ್ನೋದು, ಬಡಿತ ತಪ್ಪೋದು ಆಗಬಹುದು. 58 ವರ್ಷದ ತಾಯಿಗೆ ಫೋನಿನಲ್ಲಿ ಹೇಳಿದ್ದು ಕೇಳಿ ಇದನ್ನು ಕೊಡಬೇಡಿ ತಾಯಿ, ಕೈ ಮುಗಿದು ಹೇಳುತ್ತೇನೆ.

ಈ ಕಿಣ್ವವನ್ನು ಬೇಕಂತಲೇ ತಡೆಯುವ ಔಷಧಿಯೂ ಇದೆ. ಥೈರಾಯ್ಡ್ ವಿಪರೀತ ಜಾಸ್ತಿಯಾಗಿ ಜೀವಕ್ಕೇ ಬಂದಾಗ ಪಿಟಿಯು ಕೊಡುತ್ತಾರೆ. ಅದು ಟಿ4 ಕಟ್ಟುವುದನ್ನೂ ತಡೆಯುತ್ತದೆ, ಡಿ1 ಅನ್ನೂ ತಡೆಯುತ್ತದೆ. ಥೈರಾಯ್ಡ್ ಜಾಸ್ತಿಯಾದವರಿಗೆ ಕೊಡುವ ಇನ್ನೊಂದು ಔಷಧಿ ಕಾರ್ಬಿಮಜೋಲ್‌ಗೆ ಆ ಎರಡನೇ ಗುಣ ಇಲ್ಲ. ಹೃದಯಕ್ಕೆ ಕೊಡುವ ಅಮಿಯೋಡರೋನ್ ಕೂಡ ಈ ಕಿಣ್ವಗಳಿಗೆ ಅಡ್ಡ ಬರುತ್ತದೆ, ಅದನ್ನು ತೆಗೆದುಕೊಳ್ಳುವವರು ಥೈರಾಯ್ಡ್ ಆಗಾಗ ನೋಡಿಸಬೇಕು.

ಗೂಡಿನೂರ ಮಗಳು, ಶಿಡ್ಲಘಟ್ಟ

ಅಮ್ಮನಿಗೆ ಮುದ್ದೆ ವಿಷಯ ಓದಿ ಹೇಳಿದೆ. ಮುಖ ಅರಳಿತು. ಸೆಲೆನಿಯಂ ಡಬ್ಬಿ ಆಗಲೇ ತರಿಸಿಬಿಟ್ಟಿದ್ದೇನೆ, ಒಂದು ಕ್ಯಾಪ್ಸೂಲ್‌ನಲ್ಲಿ 200 ಮೈಕ್ರೋಗ್ರಾಂ ಅಂತಿದೆ. ಕೊಡಲಾ ಬೇಡವಾ?

ಬಯಾಲಜಿ ಮೇಷ್ಟ್ರು, ಚಿಂತಾಮಣಿ

ತೆರೆಯಬೇಡಿ, ಡಾಕ್ಟರ್‌ಗೆ ತೋರಿಸುವ ತನಕ ಇರಲಿ.

ಸಂಬಂಧಿಕರು ಹೇಳಿದ್ದರಲ್ಲಿ ಒಂದು ನಿಜ ಇದೆ. ಮೂರೂ ಡಿಅಯೋಡಿನೇಸ್‌ಗಳ ಹೃದಯದಲ್ಲಿ ಸೆಲೆನಿಯಂ ಇದೆ. ಡಿ1ರಲ್ಲಿ ಇದು ಗೊತ್ತಾಗಿದ್ದು 1990ರ ಸುಮಾರಿಗೆ. ಪ್ರೋಟೀನ್‌ಗೆ 20 ಅಮೈನೋ ಆಮ್ಲ ಅಂತ ನಾವು ಪಾಠ ಮಾಡುತ್ತೇವಲ್ಲ, ಇದರಲ್ಲಿ 21ನೆಯದು ಒಂದಿದೆ, ಸೆಲೆನೋಸಿಸ್ಟೀನ್. ಅದನ್ನು ಬರೆಯುವ ಅಕ್ಷರ ಯುಜಿಎ. ಬೇರೆ ಜೀನ್‌ಗಳಲ್ಲಿ ಯುಜಿಎ ಬಂದರೆ ಪೂರ್ಣವಿರಾಮ, ಪ್ರೋಟೀನ್ ಅಲ್ಲಿಗೆ ನಿಲ್ಲುತ್ತದೆ. ಇಲ್ಲಿ ಆರ್‌ಎನ್‌ಎಯ ಬಾಲದಲ್ಲಿ ಒಂದು ಮಡಿಕೆ ಇದೆ. ಆ ಮಡಿಕೆ ಇರುವುದರಿಂದ ಜೀವಕೋಶ ನಿಲ್ಲದೆ, ಅದೇ ಜಾಗದಲ್ಲಿ ಸೆಲೆನಿಯಂ ಕೂರಿಸಿ ಮುಂದೆ ಹೋಗುತ್ತದೆ. ಪೂರ್ಣವಿರಾಮವನ್ನು ಅಕ್ಷರವಾಗಿ ಓದುವುದು. ಅಯೋಡಿನ್ ಕೀಳುವ ಕೈ ಆ ಒಂದು ಸೆಲೆನಿಯಂ.

ಆದರೆ ಬೇಕಾಗುವುದು ದಿನಕ್ಕೆ 40ರಿಂದ 55 ಮೈಕ್ರೋಗ್ರಾಂ ಅಷ್ಟೇ. ಮೊಟ್ಟೆ, ಮೀನು, ಮಾಂಸ, ಗೋಧಿ, ಬೇಳೆಕಾಳುಗಳಲ್ಲಿ ಬರುತ್ತದೆ. ದೊಡ್ಡವರಿಗೆ ದಿನಕ್ಕೆ 400 ದಾಟಬಾರದು. ಜಾಸ್ತಿಯಾದರೆ ಕೂದಲು ಉದುರುತ್ತದೆ, ಉಗುರು ಪುಡಿಯಾಗುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಕೂದಲು ಉದುರುತ್ತದೆ, ಉಗುರು ಸೀಳುತ್ತದೆ! ಕೂದಲು ಉದುರುತ್ತಿದೆ ಅಂತ ಇನ್ನಷ್ಟು ಕ್ಯಾಪ್ಸೂಲ್ ನುಂಗುವ ಅಪಾಯ ಅಲ್ಲಿದೆ.

ಆಫ್ರಿಕಾದಲ್ಲಿ ಆಗ ಜೈರ್ ಅನ್ನುತ್ತಿದ್ದ, ಈಗಿನ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದ ಉತ್ತರ ಭಾಗದಲ್ಲಿ ಜನಕ್ಕೆ ಅಯೋಡಿನ್ನೂ ಇರಲಿಲ್ಲ, ಸೆಲೆನಿಯಮ್ಮೂ ಇರಲಿಲ್ಲ. 1990ರ ದಶಕದ ಆರಂಭದಲ್ಲಿ ಅಲ್ಲಿ ಬರೀ ಸೆಲೆನಿಯಂ ಕೊಟ್ಟು ನೋಡಿದರು. ಕಿಣ್ವ ಚುರುಕಾಯಿತು, ಇದ್ದಬದ್ದ ಟಿ4 ಬೇಗ ಖರ್ಚಾಯಿತು, ಹೊಸದು ಕಟ್ಟೋಕೆ ಅಯೋಡಿನ್ ಇಲ್ಲ. ಮೊದಲೇ ಹಾರ್ಮೋನ್ ಕಡಿಮೆ ಇದ್ದವರ ಟಿ4 ಇನ್ನೂ ಕುಸಿಯಿತು. ಮೊದಲು ಅಯೋಡಿನ್, ಆಮೇಲೆ ಸೆಲೆನಿಯಂ ಅನ್ನುವ ಪಾಠ ಕಲಿತದ್ದು ಅಲ್ಲಿ. ನಮ್ಮ ದೇಶದಲ್ಲಿ 2006ರ ಮೇ 17ರಿಂದ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಅಂತ ಮಾರುವಂತಿಲ್ಲ. ಅಡುಗೆಗೆ ಹಾಕುವ ಕಲ್ಲುಪ್ಪು ತರುವಾಗ ಪ್ಯಾಕೆಟ್ ಮೇಲೆ ಅಯೋಡಿನ್ ಅಂತ ಬರೆದಿದೆಯಾ ನೋಡಿ.

ಬಾಗೇಪಲ್ಲಿ ಹುಡುಗಿ

ಅಣ್ಣ ಅಕ್ಕಂದಿರೇ, ನಾನು ಈಗ ಹತ್ತು ವಾರದ ಗರ್ಭಿಣಿ. 50 ಮೈಕ್ರೋಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಮ್ಮತ್ತೆ ‘ಮಗುವಿಗೆ ಇಂಗ್ಲಿಷ್ ಮಾತ್ರೆ ಬೇಡ, ಹೆರಿಗೆವರೆಗೂ ನಿಲ್ಲಿಸು’ ಅಂತಾರೆ. ಇಲ್ಲಿ ಓದಿದ ಮೇಲೆ, ಟಿ3 ತಾನೇ ಕೆಲಸ ಮಾಡೋದು, ಅದನ್ನೇ ತಗೊಂಡ್ರೆ ಮಗುವಿಗೆ ಒಳ್ಳೇದಾ ಅಂತಲೂ ಅನ್ನಿಸ್ತು.

ಸ್ಟಾಫ್ ನರ್ಸ್, ಮುಳಬಾಗಿಲು

ಮಗಳೇ, ಎರಡೂ ಬೇಡ. ಮಾತ್ರೆ ಒಂದು ದಿನವೂ ನಿಲ್ಲಿಸಬೇಡ.

ಹನ್ನೆರಡು ವಾರದವರೆಗೆ ಮಗುವಿನ ಗ್ರಂಥಿ ಹಾರ್ಮೋನ್ ಮಾಡುವುದಿಲ್ಲ. ಆಮೇಲೂ ನಿಧಾನವಾಗಿ ಶುರುವಾಗುತ್ತದೆ. ಅಲ್ಲಿಯವರೆಗೆ ಮಗು ನಿಂತಿರುವುದು ನಿನ್ನ ಟಿ4 ಮೇಲೆ. ಮಗುವಿನ ಮೆದುಳು ನಿನ್ನ ರಕ್ತದ ಟಿ4 ತೆಗೆದುಕೊಂಡು, ತನ್ನದೇ ಡಿ2ರಿಂದ ತನಗೆ ಬೇಕಾದಷ್ಟು ಟಿ3 ಮಾಡಿಕೊಳ್ಳುತ್ತದೆ. ರಕ್ತದಲ್ಲಿ ಸಿದ್ಧವಾಗಿರುವ ಟಿ3 ಆ ಮೆದುಳಿಗೆ ಅಷ್ಟಾಗಿ ಸಿಗೋದಿಲ್ಲ. ಅದಕ್ಕೇ ಬಸಿರಿನಲ್ಲಿ ಕೊಡುವುದು ಟಿ4 ಮಾತ್ರೆಯನ್ನೇ.

ನಡುವೆ ಮಾಸು ಇದೆಯಲ್ಲ, ಅದರ ತುಂಬಾ ಡಿ3. ತಾಯಿಯ ಹಾರ್ಮೋನ್ ಜಾಸ್ತಿ ನುಗ್ಗಿ ಮಗುವಿಗೆ ತೊಂದರೆ ಆಗದ ಹಾಗೆ ಬಾಗಿಲಲ್ಲಿ ಕಾಯುವ ಅಜ್ಜಿ ಇದ್ದ ಹಾಗೆ. ಆ ಬಾಗಿಲಲ್ಲಿ ಒಂದಿಷ್ಟು ಖರ್ಚಾಗುತ್ತದೆ, ನಿನ್ನ ಮೈಯ ಅಗತ್ಯವೂ ಏರುತ್ತದೆ. ಹಾಗಾಗಿ ಬಸಿರಿನಲ್ಲಿ ಡೋಸ್ ಸಾಮಾನ್ಯವಾಗಿ ಶೇ. 25ರಿಂದ 50ರಷ್ಟು ಜಾಸ್ತಿ ಬೇಕಾಗುತ್ತದೆ. ಈ ವಾರವೇ ಟಿಎಸ್‌ಎಚ್ ಮಾಡಿಸಿ ಡಾಕ್ಟರ್‌ಗೆ ತೋರಿಸು. ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ, ಅದನ್ನು ರಾತ್ರಿ ಊಟ ಆದ ಮೇಲೆ ತಗೋ. ಹೆರಿಗೆಯಾದ ಮೇಲೆ ಮಗುವಿನ ಹಿಮ್ಮಡಿಯಿಂದ ಒಂದು ಹನಿ ರಕ್ತ ತೆಗೆದು ಥೈರಾಯ್ಡ್ ನೋಡಿ ಅಂತ ಬಾಯಿ ಬಿಟ್ಟು ಕೇಳು. ನಿಮ್ಮತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗು. ಡಾಕ್ಟರ್ ಬಾಯಲ್ಲಿ ಕೇಳಿದರೆ ಅವರಿಗೂ ಸಮಾಧಾನ.

ಸುಸ್ತಾದವಳು, ಬಂಗಾರಪೇಟೆ

ನಾನೊಂದು ಕೇಳಬೇಕು. ಗ್ರಂಥಿಯನ್ನೇ ಆಪರೇಷನ್ ಮಾಡಿ ತೆಗೆದಿದ್ದಾರೆ, ನಾಲ್ಕು ವರ್ಷ ಆಯ್ತು. ಟಿಎಸ್‌ಎಚ್ ಪ್ರತಿ ಸಲ ಸರಿ. ಆದರೂ ಮಧ್ಯಾಹ್ನ ಮೂರಾದ್ರೆ ಕೈಕಾಲು ಬಿದ್ದುಹೋಗುತ್ತದೆ, ಹೇಳಬೇಕಾದ ಮಾತೇ ನೆನಪಿಗೆ ಬರಲ್ಲ. ಒಂದು ಕಡೆ ತೋರಿಸಿದಾಗ ‘ರಿಪೋರ್ಟ್ ಸರಿ ಇದೆ, ಎಲ್ಲಾ ನಿಮ್ಮ ಮನಸ್ಸಿನದು’ ಅಂದುಬಿಟ್ಟರು. ಆವತ್ತು ಬಸ್ಸಿನಲ್ಲಿ ಅತ್ತುಕೊಂಡು ಬಂದೆ. ಇಲ್ಲಿ ಎಲ್ಲರೂ ಟಿ4 ಸಾಕು ಅಂತಿದ್ದೀರಿ. ನನ್ನಂಥವರಿಗೆ?

ಬಯಾಲಜಿ ಮೇಷ್ಟ್ರು, ಚಿಂತಾಮಣಿ

ತಾಯಿ, ನಿಮ್ಮ ಸುಸ್ತು ನಿಜ. ನೀವು ಹೇಳುವುದಕ್ಕೆ ವಿಜ್ಞಾನದಲ್ಲೂ ಜಾಗ ಇದೆ.

1995ರಲ್ಲಿ ಸ್ಪೇನಿನ ವಿಜ್ಞಾನಿಗಳು ಗ್ರಂಥಿ ತೆಗೆದ ಇಲಿಗಳಿಗೆ ಬರೀ ಟಿ4 ಕೊಟ್ಟು ಒಂದೊಂದು ಅಂಗದಲ್ಲೂ ಅಳೆದರು. ಎಷ್ಟೇ ಡೋಸ್ ಕೊಟ್ಟರೂ ಎಲ್ಲಾ ಅಂಗಗಳಲ್ಲಿ ಟಿ4, ಟಿ3 ಎರಡೂ ಒಟ್ಟಿಗೆ ಸರಿಯಾಗಲಿಲ್ಲ. ಡಿ2ಗೆ ಒಂದು ಸ್ವಭಾವ ಇದೆ. ಅದರ ಆಯಸ್ಸೇ ಮುಕ್ಕಾಲು ಗಂಟೆಯೊಳಗೆ ಅರ್ಧಕ್ಕೆ ಬರುತ್ತದೆ. ಟಿ4 ಜಾಸ್ತಿ ಬಂದರೆ ಇನ್ನೂ ಬೇಗ ಅದಕ್ಕೆ ಗುರುತು ಅಂಟಿಸಿ ಜೀವಕೋಶ ಒಡೆದುಹಾಕುತ್ತದೆ. ಆದರೆ ಟಿಎಸ್‌ಎಚ್ ಅನ್ನು ನಿಯಂತ್ರಿಸುವ ಹೈಪೊಥಾಲಮಸ್ ಅನ್ನುವ ಮೆದುಳಿನ ಭಾಗದಲ್ಲಿ ಡಿ2 ಅಷ್ಟು ಬೇಗ ಒಡೆಯುವುದಿಲ್ಲ. ಅಂದ್ರೆ ಟಿಎಸ್‌ಎಚ್‌ಗೆ ‘ಎಲ್ಲಾ ಸರಿ’ ಅನ್ನಿಸುವಾಗ ಬೇರೆ ಅಂಗಕ್ಕೆ ಸ್ವಲ್ಪ ಕಡಿಮೆ ಇರುವ ಸಾಧ್ಯತೆ ಇದೆ. ಡಿ2 ಜೀನ್‌ನಲ್ಲಿ ಕೆಲವರಿಗೆ ಒಂದು ಅಕ್ಷರದ ಬದಲಾವಣೆಯೂ ಇರುತ್ತದೆ.

ಟಿ4 ಜೊತೆ ಸ್ವಲ್ಪ ಟಿ3 ಸೇರಿಸಿ ಕೊಟ್ಟ ಪ್ರಯೋಗಗಳು ಬಹಳ ನಡೆದಿವೆ. ಒಟ್ಟಾರೆ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಂಡಿಲ್ಲ, ಕೆಲವರು ಮಾತ್ರ ಅದೇ ಬೇಕು ಅನ್ನುತ್ತಾರೆ. ಹಾಗಾಗಿ ಎಲ್ಲರಿಗೂ ಕೊಡುವುದಿಲ್ಲ. ಆದರೆ ಎಂಡೋಕ್ರೈನ್ (ಹಾರ್ಮೋನ್) ತಜ್ಞರ ಹತ್ತಿರ ಕೂತು ಕೇಳಬಹುದಾದ ಪ್ರಶ್ನೆ ಅದು. ಅದಕ್ಕೂ ಮುಂಚೆ ಹಿಮೋಗ್ಲೋಬಿನ್, ಬಿ12, ವಿಟಮಿನ್ ಡಿ, ಶುಗರ್, ನಿದ್ದೆ ನೋಡಿಸಿಕೊಳ್ಳಿ. ನನ್ನ ಹೆಂಡತಿಗೆ ಎರಡು ವರ್ಷ ಕಾಡಿದ ಸುಸ್ತು ಬಿ12 ಕೊರತೆಯದ್ದಾಗಿತ್ತು. ನಾನು ಆ ಎರಡು ವರ್ಷವೂ ಥೈರಾಯ್ಡ್ ಅಂದುಕೊಂಡೇ ಇದ್ದೆ.

ಸುಸ್ತಾದವಳು, ಬಂಗಾರಪೇಟೆ

‘ನಿಜ’ ಅಂದಿರಲ್ಲ, ಅಷ್ಟೇ ಸಾಕಾಗಿತ್ತು ಮೇಷ್ಟ್ರೇ. ನಾಳೆ ಬಿ12 ಮಾಡಿಸುತ್ತೇನೆ.

ಗೂಡಿನೂರ ಮಗಳು, ಶಿಡ್ಲಘಟ್ಟ

ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಮೊನ್ನೆ ಅಮ್ಮನನ್ನು ಎಂಡೋಕ್ರೈನ್ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ. ಟಿಎಸ್‌ಎಚ್, ಫ್ರೀ ಟಿ4 ಮಾಡಿಸಿದರು. ನಾನು ಕೇಳಿಕೊಂಡಿದ್ದಕ್ಕೆ ಟಿ3 ಕೂಡ ನೋಡಿದರು. ಮೂರೂ ಸರಿ ಇದೆ. ಡೋಸ್ ಅದೇ 75. ಡೆಂಗಿ ಟೈಮಿನ ರಿಪೋರ್ಟ್ ತೋರಿಸಿದಾಗ ಇಲ್ಲಿ ಲ್ಯಾಬ್ ತಮ್ಮ ಹೇಳಿದ್ದನ್ನೇ ಹೇಳಿದರು. ಸೆಲೆನಿಯಂ ಡಬ್ಬಿ ವಾಪಸ್ ಹೋಯ್ತು. ಅಮ್ಮನ ಮಾತ್ರೆ ಬಾಟಲಿ ಇಷ್ಟು ವರ್ಷ ಒಲೆ ಮೇಲಿನ ಗೂಡಿನಲ್ಲೇ ಇತ್ತು, ಅರಿಶಿನದ ಡಬ್ಬಿ ಪಕ್ಕ. ಈಗ ದೇವರ ಮನೆ ಗೂಡಿಗೆ ಹೋಗಿದೆ.

ಅಮ್ಮ ಮನೆಗೆ ಬಂದು ಆ ಎರಡು ಬಳೆ ಮತ್ತೆ ತೆಗೆದರು. ನಾಲ್ಕು ಕಾಳಿಟ್ಟು, ಒಂದನ್ನು ಎತ್ತಿ ಅಂಗೈಯಲ್ಲಿ ಹಿಡಿದು, ‘ಇದು ಎಲ್ಲಿಗೆ ಹೋಗುತ್ತೆ ಅಂತ ನಿಮ್ಮ ಮೇಷ್ಟ್ರನ್ನ ಕೇಳು’ ಅಂದರು. ಕೇಳುತ್ತಿದ್ದೇನೆ.

ಬಯಾಲಜಿ ಮೇಷ್ಟ್ರು, ಚಿಂತಾಮಣಿ

ಮೂವತ್ತು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿಲ್ಲ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಕಿತ್ತ ಕಾಳು ಹಾಳಾಗುವುದಿಲ್ಲ. ಅದು ಅಯೋಡೈಡ್ ಆಗಿ ರಕ್ತಕ್ಕೆ ಸೇರುತ್ತದೆ. ಒಂದಿಷ್ಟನ್ನು ಗ್ರಂಥಿ ಮತ್ತೆ ಎಳೆದುಕೊಂಡು ಹೊಸ ಟಿ4 ಕಟ್ಟೋಕೆ ಬಳಸುತ್ತದೆ. ಉಳಿದದ್ದನ್ನು ಕಿಡ್ನಿ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಊರಿನ ಜನಕ್ಕೆ ಅಯೋಡಿನ್ ಸಾಕಷ್ಟು ಸಿಗುತ್ತಿದೆಯಾ ಅಂತ ನೋಡೋಕೆ ಶಾಲೆ ಮಕ್ಕಳ ಮೂತ್ರ ಪರೀಕ್ಷೆ ಮಾಡುವುದು ಅದಕ್ಕೇ. ಗ್ರಂಥಿಯೊಳಗೆ ಉಳಿಕೆ ಚೂರುಗಳಿಂದ ಅಯೋಡಿನ್ ಕಿತ್ತು ಅಲ್ಲೇ ಇಟ್ಟುಕೊಳ್ಳುವ ಇನ್ನೊಂದು ಕಿಣ್ವವೂ ಇದೆ. ಅದು ಹುಟ್ಟಿನಿಂದಲೇ ಕೆಲಸ ಮಾಡದ ಮಕ್ಕಳಿಗೆ ಅಯೋಡಿನ್ ಸೋರಿಹೋಗಿ ಗಳಗಂಡ ಬರುತ್ತದೆ.

ಅಮ್ಮನ 75 ಮೈಕ್ರೋಗ್ರಾಂ ಮಾತ್ರೆಯಲ್ಲಿ ಅಯೋಡಿನ್ನೇ ಸುಮಾರು 48 ಮೈಕ್ರೋಗ್ರಾಂ. ಅಂದ್ರೆ ಅಂಗೈಯಲ್ಲಿದ್ದ ಆ ಒಂದು ಕಾಳಿನ ಪಾಲು 12.